ಗೀರುಗಾಯ ಮತ್ತು ಉರಿಯೂತ: ಚರ್ಮದ ರಕ್ಷಣಾಕಾರ್ಯದ ಪರಿಚಯ

ಮಾನವ ದೇಹದಲ್ಲಿ ಹೊರಜಗತ್ತಿನೊಡನೆ ಹಗಲಿರುಳೂ ಸಂಪರ್ಕವನ್ನಿಟ್ಟುಕೊಂಡಿರುವ ಅಂಗವೆಂದರೆ ಚರ್ಮ. ಬಿಸಿಲು, ಮಳೆ, ಧೂಳು, ಮುಳ್ಳು, ಕ್ರಿಮಿ ಇವೆಲ್ಲವನ್ನೂ ಮೊದಲು ಎದುರಿಸುವುದು ಅದೇ. ಹಾನಗಲ್ಲಿನ ಗದ್ದೆಗಳಲ್ಲಿ ಭತ್ತ ಕೊಯ್ಯುವವರ ಮುಂಗೈ, ಸವಣೂರಿನ ಎಲೆಬಳ್ಳಿಯ ತೋಟಗಳಲ್ಲಿ ಬಳ್ಳಿ ಕಟ್ಟುವವರ ಬೆರಳು, ಶಿಗ್ಗಾಂವಿಯ ಹೊಲಗಳಲ್ಲಿ ಹತ್ತಿ ಬಿಡಿಸುವವರ ಉಗುರಿನ ಸಂದು, ಹಿರೇಕೆರೂರಿನ ಗೋವಿನಜೋಳದ ಸಾಲುಗಳ ನಡುವೆ ನುಸುಳಿ ನಡೆಯುವವರ ಕೆನ್ನೆ ಮತ್ತು ಕತ್ತು, ಇವು ಸುಗ್ಗಿಯ ಕಾಲದಲ್ಲಿ ಗೀರು ತಾಗದೆ ಉಳಿಯುವ ದಿನಗಳು ವಿರಳ. ಬಹುಮಂದಿಗೆ ಅಂಥ ಗೀರು ನಾಲ್ಕಾರು ದಿನಗಳಲ್ಲಿ ಮಾಯ್ದುಹೋಗುತ್ತದೆ. ಎಲ್ಲಿ ತಗುಲಿತ್ತೆಂಬುದೂ ಮರೆತುಹೋಗುತ್ತದೆ. ಆದರೆ ಕೆಲವರಿಗೆ ಗೀರು ಮಾಯ್ದು ಎರಡು ವಾರ ಕಳೆದ ಮೇಲೆ ಅದೇ ಗೆರೆಯುದ್ದಕ್ಕೂ ಕೆಂಪಾದ, ಬಿಳಿಯ ಹೊಟ್ಟು ಕಟ್ಟಿದ ಪಟ್ಟಿಯೊಂದು ಏಳುತ್ತದೆ. ಮತ್ತೆ ಕೆಲವರಿಗೆ ಆ ಗೆರೆಯೇ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ. ಒಂದೇ ಬಗೆಯ ಗೀರಿಗೆ ಇಂತಹ ಬೇರೆ ಬೇರೆ ಫಲಗಳು ಏಕೆ ಉಂಟಾಗುತ್ತವೆ ಎಂಬುದನ್ನು ವೈದ್ಯವಿಜ್ಞಾನವು ಕಳೆದ ಒಂದೂವರೆ ಶತಮಾನದಲ್ಲಿ ಬಹುಮಟ್ಟಿಗೆ ಬಿಡಿಸಿ ತೋರಿಸಿದೆ. ಆ ತಿಳಿವಳಿಕೆಯ ಸಾರವನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಪದವಿಚಾರ

ಪಾಶ್ಚಾತ್ಯ ವೈದ್ಯರು ‘ಇನ್‌ಫ್ಲಮೇಶನ್’ ಎಂದು ಕರೆಯುವ ಕ್ರಿಯೆಗೆ ಕನ್ನಡದಲ್ಲಿ ‘ಉರಿಯೂತ’ ಎಂಬ ಶಬ್ದ ಬಳಕೆಯಲ್ಲಿದೆ. ಉರಿ ಮತ್ತು ಊತ ಎಂಬೆರಡು ಪದಗಳು ಕೂಡಿ ಈ ಸಮಾಸವಾಗಿದೆ. ಉರಿ ಎಂದರೆ ಬೇಗೆ. ಊತ ಎಂದರೆ ಬಾವು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿದ್ದ ರೋಮಿನ ಗ್ರಂಥಕಾರ ಸೆಲ್ಸಸ್ ಎಂಬಾತನು ಈ ಕ್ರಿಯೆಗೆ ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು. ಈ ನಾಲ್ಕರಲ್ಲಿ ಬಿಸಿ, ನೋವು, ಊತ ಎಂಬ ಮೂರನ್ನು ಕನ್ನಡದ ಒಂದೇ ಶಬ್ದವು ಒಳಗೊಂಡಿರುವುದು ಗಮನಾರ್ಹ.

ನಮ್ಮ ದೇಶದ ಪ್ರಾಚೀನ ಶಸ್ತ್ರವೈದ್ಯನಾದ ಸುಶ್ರುತನ ಸಂಹಿತೆಯಲ್ಲಿ ಇದೇ ವಿಷಯವು ವ್ರಣಶೋಥವೆಂಬ ಹೆಸರಿನಿಂದ ನಿರೂಪಿತವಾಗಿದೆ. ಬಾವು ‘ಆಮ’, ‘ಪಚ್ಯಮಾನ’, ‘ಪಕ್ವ’ ಎಂಬ ಮೂರು ಅವಸ್ಥೆಗಳಲ್ಲಿ ನಡೆಯುತ್ತದೆಂದೂ, ಯಾವ ಅವಸ್ಥೆಯಲ್ಲಿದೆ ಎಂಬುದನ್ನು ಅರಿಯದೆ ಚಿಕಿತ್ಸೆಗೆ ಕೈಹಾಕಬಾರದೆಂದೂ ಅಲ್ಲಿ ವಿವರಿಸಲಾಗಿದೆ. ಉರಿಯೂತಕ್ಕೆ ಒಂದು ಕ್ರಮವುಂಟು, ಅದು ಹಂತಹಂತವಾಗಿ ಸಾಗುತ್ತದೆ ಎಂಬ ಅರಿವು ಅಂದಿನ ವೈದ್ಯರಿಗಿತ್ತು. ಆದರೆ ಆ ಕ್ರಮವನ್ನು ನಡೆಸುವವರು ಯಾರೆಂಬುದು ತಿಳಿಯಲು ಸೂಕ್ಷ್ಮದರ್ಶಕ ಯಂತ್ರದ ಕಾಲ ಬರಬೇಕಾಯಿತು.

ಮುಳ್ಳಿನಿಂದ ದೊರೆತ ತಿಳಿವು

1882ರಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ರಷ್ಯಾದ ಪ್ರಾಣಿಶಾಸ್ತ್ರಜ್ಞನು ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣದಲ್ಲಿ ಸಮುದ್ರಜೀವಿಗಳನ್ನು ಅಭ್ಯಸಿಸುತ್ತಿದ್ದನು. ನಕ್ಷತ್ರಮೀನಿನ ಮರಿಹುಳುವಿನ ದೇಹ ಗಾಜಿನಂತೆ ಪಾರದರ್ಶಕವಾದುದು. ಒಳಗೆ ಚಲಿಸುವ ಜೀವಕೋಶಗಳು ಸೂಕ್ಷ್ಮದರ್ಶಕದಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಆತನು ಗುಲಾಬಿ ಗಿಡದ ಚಿಕ್ಕ ಮುಳ್ಳುಗಳನ್ನು ಆ ಮರಿಗಳ ಚರ್ಮದೊಳಗೆ ಚುಚ್ಚಿಟ್ಟನು. ಮರುದಿನ ಬೆಳಗ್ಗೆ ನೋಡಿದಾಗ ಚಲಿಸುವ ಕೋಶಗಳು ಬಂದು ಮುಳ್ಳಿನ ಸುತ್ತಲೂ ಮುತ್ತಿಕೊಂಡಿದ್ದವು. ನಕ್ಷತ್ರಮೀನಿನ ಮರಿಗೆ ರಕ್ತನಾಳಗಳೂ ಇಲ್ಲ, ನರಮಂಡಲವೂ ನಮ್ಮಂತಿಲ್ಲ. ಆದರೂ ಗಾಯವಾದೆಡೆಗೆ ಕಾವಲುಗಾರರು ಓಡಿಬಂದರು. ಇದರಿಂದ ಉರಿಯೂತವು ಮೂಲತಃ ದೇಹವು ತನ್ನನ್ನು ಕಾಪಾಡಿಕೊಳ್ಳುವ ಕ್ರಿಯೆಯೆಂಬ ಸಿದ್ಧಾಂತವನ್ನು ಆತನು ಮುಂದಿಟ್ಟನು. ಈ ಕಾರ್ಯಕ್ಕಾಗಿ 1908ರಲ್ಲಿ ಆತನಿಗೂ ಜರ್ಮನಿಯ ಪಾಲ್ ಎರ್ಲಿಖ್‌ನಿಗೂ ಜಂಟಿಯಾಗಿ ನೊಬೆಲ್ ಪಾರಿತೋಷಕ ಸಂದಿತು.

ಹೊಲದ ಬದುವಿನಲ್ಲಿ ಜಾಲಿಯ ಮುಳ್ಳು ನೆಟ್ಟ ಕಾಲಿನಲ್ಲಿ ನಡೆಯುವುದೂ ಇದೇ. ಮುಳ್ಳು ಒಳಗೆ ಮುರಿದುಕೊಂಡರೆ ಎರಡನೆಯ ದಿನ ಅದರ ಸುತ್ತ ಕೆಂಪೇರಿ ಕೀವು ತುಂಬುವುದನ್ನು ಹಳ್ಳಿಗರು ‘ನಂಜಾಯಿತು’ ಎನ್ನುತ್ತಾರೆ. ಆ ಕೀವಿನಲ್ಲಿ ಬಹುಭಾಗ ಮುಳ್ಳಿನೊಡನೆಯೂ ಕ್ರಿಮಿಗಳೊಡನೆಯೂ ಹೋರಾಡಿ ಸತ್ತ ಬಿಳಿಯ ರಕ್ತಕಣಗಳೇ ಇರುತ್ತವೆ.

ಚರ್ಮದೊಳಗಿನ ಕಾವಲು

ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳು: ಹೊರಚರ್ಮ ಮತ್ತು ಒಳಚರ್ಮ. ಹೊರಚರ್ಮದ ತಳದಲ್ಲಿ ಹುಟ್ಟಿದ ಕೋಶಗಳು ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುತ್ತ, ಗಟ್ಟಿಯಾಗುತ್ತ, ಸುಮಾರು ಒಂದು ತಿಂಗಳಲ್ಲಿ ಹೊಟ್ಟಾಗಿ ಉದುರುತ್ತವೆ. ಹೀಗೆ ಮನುಷ್ಯನು ತಿಂಗಳಿಗೊಮ್ಮೆ ತನಗರಿವಿಲ್ಲದೆಯೇ ಹೊಸ ಹೊರಚರ್ಮವನ್ನು ಧರಿಸುತ್ತಿರುತ್ತಾನೆ. ಒಳಚರ್ಮದಲ್ಲಿ ರಕ್ತನಾಳಗಳು, ನರಗಳು, ಬೆವರಿನ ಗ್ರಂಥಿಗಳು ಇವೆ.

ಈ ಪದರಗಳಲ್ಲಿ ಕಾವಲಿನ ಕೋಶಗಳೂ ನೆಲೆಸಿವೆ. 1868ರಲ್ಲಿ ಬರ್ಲಿನ್ನಿನಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಪಾಲ್ ಲ್ಯಾಂಗರ್‌ಹಾನ್ಸನು ಹೊರಚರ್ಮದಲ್ಲಿ ಕೊಂಬೆಗಳುಳ್ಳ ಮರದಂತೆ ಕಾಣುವ ಕೋಶಗಳನ್ನು ಕಂಡು, ಅವು ನರಕೋಶಗಳಿರಬೇಕೆಂದು ಊಹಿಸಿದನು. ನೂರು ವರ್ಷಗಳ ಮೇಲೆ ಅವು ರೋಗನಿರೋಧಕ ವ್ಯವಸ್ಥೆಗೆ ಸೇರಿದ ಪಹರೆಯ ಕೋಶಗಳೆಂಬುದು ಸಿದ್ಧವಾಯಿತು. ಹೊರಗಿನಿಂದ ಬಂದ ವಸ್ತುವನ್ನು ಹಿಡಿದು, ಅದರ ಗುರುತನ್ನು ಹತ್ತಿರದ ದುಗ್ಧಗ್ರಂಥಿಗೆ ಕೊಂಡೊಯ್ದು, ಅಲ್ಲಿನ ಟಿ-ಕೋಶಗಳಿಗೆ ತೋರಿಸುವುದು ಅವುಗಳ ಕೆಲಸ. ಕಾಲಿಗೆ ಗಾಯವಾದಾಗ ತೊಡೆಯ ಸಂದಿನಲ್ಲಿ ಗಂಟು ಬೀಳುವುದು ಇದೇ ದುಗ್ಧಗ್ರಂಥಿಯ ಊತ. ಒಳಚರ್ಮದಲ್ಲಿರುವ ಮಾಸ್ಟ್ ಕೋಶಗಳೆಂಬವು ಹಿಸ್ಟಮಿನ್ ಎಂಬ ದ್ರವ್ಯವನ್ನು ಕೂಡಿಟ್ಟುಕೊಂಡಿರುತ್ತವೆ.

ವಿದ್ಯಾರ್ಥಿಗಳು ಇವುಗಳ ಕಾರ್ಯವನ್ನು ತಮ್ಮ ಮುಂಗೈಯ ಮೇಲೆಯೇ ಕಾಣಬಹುದು. ಸೀಸದ ಕಡ್ಡಿಯ ಮೊಂಡಾದ ತುದಿಯಿಂದ, ಚರ್ಮ ಹರಿಯದಂತೆ, ಸ್ವಲ್ಪ ಒತ್ತಿ ಒಂದು ಗೆರೆ ಎಳೆದರೆ ಕೆಲವು ಕ್ಷಣಗಳಲ್ಲಿ ಆ ಗೆರೆ ಕೆಂಪಾಗುತ್ತದೆ. ಒತ್ತಡ ಹೆಚ್ಚಾಗಿದ್ದರೆ ಗೆರೆಯ ಎರಡೂ ಪಕ್ಕಗಳಲ್ಲಿ ತಿಳಿಗೆಂಪು ಹರಡುತ್ತದೆ. ಅನಂತರ ಕೆಲವರಲ್ಲಿ ಗೆರೆಯೇ ಉಬ್ಬಿ ನಿಲ್ಲುತ್ತದೆ. ಇಂಗ್ಲೆಂಡಿನ ವೈದ್ಯ ಥಾಮಸ್ ಲೂಯಿಸನು 1927ರ ತನ್ನ ಗ್ರಂಥದಲ್ಲಿ ಈ ಮೂರು ಪ್ರತಿಕ್ರಿಯೆಗಳನ್ನು ಕ್ರಮವಾಗಿ ವಿವರಿಸಿದ್ದಾನೆ. ರಕ್ತನಾಳಗಳು ಅಗಲವಾಗುವುದರಿಂದ ಕೆಂಪು, ನರದ ತುದಿಗಳ ಪ್ರಚೋದನೆಯಿಂದ ಹರಡುವ ತಿಳಿಗೆಂಪು, ನಾಳಗಳಿಂದ ದ್ರವ ಸೋರುವುದರಿಂದ ಉಬ್ಬು. ಕ್ರಿಮಿಯೊಂದೂ ಒಳಹೊಗದಿದ್ದರೂ ಚರ್ಮ ಹೀಗೆ ಎಚ್ಚರಗೊಳ್ಳುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಮುಂದಿನ ವಿಷಯಕ್ಕೆ ಇದೇ ತಳಹದಿ.

ನೆರೆಯ ಬ್ಯಾಡಗಿಯ ಮೆಣಸಿನಕಾಯಿಯು ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. ಆದರೂ ದಿನವಿಡೀ ಅದರ ತೊಟ್ಟು ಮುರಿದವರ ಕೈ ಉರಿಯುವುದುಂಟು. ಅಲ್ಲಿ ಗಾಯವೂ ಇಲ್ಲ, ಸುಟ್ಟ ಗುರುತೂ ಇಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ದ್ರವ್ಯವು ಬಿಸಿಯನ್ನು ಅರಿಯುವ ನರತುದಿಯ ದ್ವಾರವನ್ನೇ ತೆರೆಯುತ್ತದೆ. ನರವು ಸುಟ್ಟಿತೆಂದು ತಿಳಿದು ತನ್ನ ತುದಿಗಳಿಂದ ರಕ್ತನಾಳವನ್ನು ಹಿಗ್ಗಿಸುವ ದ್ರವ್ಯಗಳನ್ನು ಸುರಿಸುತ್ತದೆ. ಈ ದ್ವಾರವನ್ನು 1997ರಲ್ಲಿ ಗುರುತಿಸಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರು 2021ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದವರಲ್ಲಿ ಒಬ್ಬರು.

ಹೊತ್ತಿದ ಉರಿ ಆರುವ ಬಗೆ

ಕುಡುಗೋಲು ತಾಗಿ ಚರ್ಮ ಹರಿದಾಗ ಮೊದಲು ರಕ್ತ ಹೆಪ್ಪುಗಟ್ಟಿ ಬಾಯಿ ಮುಚ್ಚುತ್ತದೆ. ಕೆಲವು ತಾಸುಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ಬಂದು ಕ್ರಿಮಿಗಳನ್ನು ನುಂಗತೊಡಗುತ್ತವೆ. ಎರಡು ಮೂರು ದಿನಗಳಲ್ಲಿ ಮಹಾಭಕ್ಷಕ ಕೋಶಗಳು ಹೆಚ್ಚಿ, ಸತ್ತ ಕಣಗಳನ್ನೂ ಕಸವನ್ನೂ ತಿಂದು ತೆರವು ಮಾಡುತ್ತವೆ. ಅಂಚಿನ ಹೊರಚರ್ಮದ ಕೋಶಗಳು ಬೇಗಬೇಗನೆ ಬೆಳೆದು ಗಾಯದ ಮೇಲೆ ಹಾಸಿಕೊಳ್ಳುತ್ತವೆ. ಕೊನೆಯಲ್ಲಿ ಒಳಗಿನ ನೇಯ್ಗೆ ತಿಂಗಳುಗಟ್ಟಲೆ ತಿದ್ದಲ್ಪಡುತ್ತದೆ.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಒಂದಿದೆ. ಉರಿಯೂತವು ಉರುವಲು ಮುಗಿದ ಒಲೆಯಂತೆ ತಾನಾಗಿ ಆರಿಹೋಗುತ್ತದೆಂದು ಹಿಂದೆ ಭಾವಿಸಲಾಗಿತ್ತು. ಅದನ್ನು ಆರಿಸುವುದಕ್ಕೂ ದೇಹದಲ್ಲಿ ಪ್ರತ್ಯೇಕ ಏರ್ಪಾಡು ಇದೆಯೆಂದು ಈಗ ತಿಳಿದುಬಂದಿದೆ. ಸತ್ತ ಕಣಗಳನ್ನು ನುಂಗಿದ ಮಹಾಭಕ್ಷಕ ಕೋಶಗಳೇ ಶಮನದ ಸಂದೇಶಗಳನ್ನು ಕಳುಹಿಸುತ್ತವೆ. ಟಿ-ಕೋಶಗಳಲ್ಲಿ ಒಂದು ವರ್ಗವು ಉಳಿದವುಗಳನ್ನು ತಡೆದು ನಿಲ್ಲಿಸುತ್ತದೆ. ಹೊತ್ತಿಸುವುದು ಮತ್ತು ಆರಿಸುವುದು ಇವೆರಡೂ ಹೊಂದಿ ನಡೆದರೆ ಗಾಯ ಮಾಯುತ್ತದೆ. ಆರಿಸುವ ಕೆಲಸ ಕೆಟ್ಟರೆ ರಕ್ಷಣೆಗೆಂದು ಎದ್ದ ಉರಿಯೇ ರೋಗವಾಗಿ ನಿಲ್ಲುತ್ತದೆ.

ಗೀರಿನ ಮೇಲೆ ಮೂಡುವ ರೋಗ

1872ರಲ್ಲಿ ಹೈನ್ರಿಖ್ ಕೆಬ್ನರ್ ಎಂಬ ಜರ್ಮನ್ ಚರ್ಮವೈದ್ಯನು ಬ್ರೆಸ್ಲಾವ್ ನಗರದಲ್ಲಿ, ಇಂದು ಪೋಲೆಂಡಿಗೆ ಸೇರಿರುವ ಊರಿನಲ್ಲಿ, ಒಬ್ಬ ಸೋರಿಯಾಸಿಸ್ ರೋಗಿಯ ವೃತ್ತಾಂತವನ್ನು ವೈದ್ಯರ ಮುಂದಿಟ್ಟನು. ಆ ರೋಗಿಗೆ ಚರ್ಮ ತರಚಿದಲ್ಲಿ, ಕುದುರೆ ಕಚ್ಚಿದಲ್ಲಿ, ಹಚ್ಚೆ ಹಾಕಿಸಿಕೊಂಡಲ್ಲಿ, ಮೊದಲು ಆರೋಗ್ಯವಾಗಿದ್ದ ಚರ್ಮದ ಮೇಲೆಯೇ ಹೊಸ ಪಟ್ಟಿಗಳು ಎದ್ದಿದ್ದವು. ಇದಕ್ಕೆ ಇಂದಿಗೂ ಕೆಬ್ನರ್ ಪ್ರತಿಕ್ರಿಯೆ ಎಂಬ ಹೆಸರು ನಿಂತಿದೆ. ಸೋರಿಯಾಸಿಸ್ ಇರುವವರಲ್ಲಿ ಸುಮಾರು ಕಾಲುಭಾಗದಷ್ಟು ಜನರಲ್ಲಿ ಇದು ಕಂಡುಬರುತ್ತದೆ. ಗಾಯವಾಗಿ ಸಾಮಾನ್ಯವಾಗಿ 10ರಿಂದ 20 ದಿನಗಳಲ್ಲಿ ಮೂಡುತ್ತದೆ.

ಇದು ಹೇಗೆ ನಡೆಯುತ್ತದೆ? ಗೀರು ತಾಗಿ ಒಡೆದ ಕೋಶಗಳಿಂದ ಅವುಗಳ ಡಿ.ಎನ್.ಎ. ಹೊರಚೆಲ್ಲುತ್ತದೆ. ಅದೇ ವೇಳೆಗೆ ಹೊರಚರ್ಮವು ಕ್ರಿಮಿಗಳನ್ನು ಕೊಲ್ಲಲು ಎಲ್ಎಲ್-37 ಎಂಬ ಕಿರು ಪ್ರೋಟೀನನ್ನು ಸುರಿಸುತ್ತದೆ. ಇವೆರಡೂ ಕೂಡಿಕೊಂಡಾಗ, ಸ್ವಂತ ದೇಹದ ಡಿ.ಎನ್.ಎ.ಯನ್ನೇ ಒಂದು ಬಗೆಯ ಪಹರೆಯ ಕೋಶಗಳು ವೈರಿಯದೆಂದು ಭ್ರಮಿಸಿ, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ದ್ರವ್ಯವನ್ನು ಬಿಡುತ್ತವೆ. ಸೋರಿಯಾಸಿಸ್‌ನಲ್ಲಿ ನಡೆಯುವ ಈ ಭ್ರಮೆಯನ್ನು 2007ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿಕೊಟ್ಟಿತು. ಕೆಲವೇ ವರ್ಷಗಳಲ್ಲಿ, ಸಾಧಾರಣ ಗಾಯದಲ್ಲಿಯೂ ಇದೇ ಕ್ರಿಯೆ ಸ್ವಲ್ಪ ಕಾಲ ನಡೆದು ಗಾಯ ಮಾಯಲು ನೆರವಾಗುತ್ತದೆಂಬುದೂ ಗೊತ್ತಾಯಿತು. ಅಂದರೆ ಆರೋಗ್ಯವಂತನ ಗೀರೂ ರೋಗಿಯ ಗೀರೂ ಮೊದಲ ಹೆಜ್ಜೆಗಳನ್ನು ಒಂದೇ ದಾರಿಯಲ್ಲಿ ಇಡುತ್ತವೆ. ಆರೋಗ್ಯವಂತನಲ್ಲಿ ಎಚ್ಚರಿಕೆಯ ಕೂಗು ಕೆಲವು ದಿನಗಳಲ್ಲಿ ಅಡಗುತ್ತದೆ. ಆನುವಂಶಿಕವಾಗಿ ಒಲವುಳ್ಳವನಲ್ಲಿ ಅದು ಟಿ-ಕೋಶಗಳನ್ನು ಎಬ್ಬಿಸುತ್ತದೆ. ಅವು ಇಂಟರ್‌ಲ್ಯೂಕಿನ್-17 ಎಂಬ ಸಂದೇಶದ್ರವ್ಯವನ್ನು ಬಿಡುತ್ತವೆ. ಅದರಿಂದ ಹೊರಚರ್ಮದ ಕೋಶಗಳು ಉದ್ರೇಕಗೊಂಡು ತಿಂಗಳ ಪಯಣವನ್ನು ಮೂರರಿಂದ ಐದು ದಿನಗಳಲ್ಲಿ ಮುಗಿಸುತ್ತವೆ. ಬಲಿಯದೆ ಮೇಲೆ ಬಂದ ಆ ಕೋಶಗಳೇ ಹೊಟ್ಟಾಗಿ ಕಟ್ಟಿಕೊಳ್ಳುತ್ತವೆ. ಉದ್ರೇಕಗೊಂಡ ಕೋಶಗಳು ಮತ್ತೆ ಎಲ್ಎಲ್-37ನ್ನು ಸುರಿಸುವುದರಿಂದ ಚಕ್ರವು ತಿರುಗುತ್ತಲೇ ಇರುತ್ತದೆ. ಪಟ್ಟಿ ಮಾಯವಾದ ಮೇಲೂ ಕೆಲವು ಟಿ-ಕೋಶಗಳು ಅಲ್ಲಿಯೇ ನೆನಪಿಟ್ಟುಕೊಂಡು ಉಳಿಯುವುದರಿಂದ ರೋಗವು ಬಿಟ್ಟು ಬಿಟ್ಟು ಅದೇ ಸ್ಥಳದಲ್ಲಿ ಮರಳುವುದುಂಟು.

ತೊನ್ನಿನಲ್ಲಿಯೂ ಕೆಬ್ನರ್ ಪ್ರತಿಕ್ರಿಯೆ ಕಾಣುತ್ತದೆ. ಅಲ್ಲಿ ಟಿ-ಕೋಶಗಳ ದಾಳಿ ಬಣ್ಣವನ್ನು ಉಂಟುಮಾಡುವ ಕೋಶಗಳ ಮೇಲೆ ನಡೆಯುತ್ತದೆ. ಉಡಿದಾರ ಒತ್ತುವ ಸೊಂಟ, ಚಪ್ಪಲಿಯ ಪಟ್ಟಿ ಉಜ್ಜುವ ಪಾದ ಇಂಥ ಎಡೆಗಳಲ್ಲಿ ಬಿಳಿಯ ಗುರುತು ಮೂಡುವುದಕ್ಕೆ ದಿನದಿನದ ಘರ್ಷಣೆಯೂ ಒಂದು ಕಾರಣವಾಗಬಲ್ಲುದು. ನರುಲಿಗಳೂ ಕೆರೆದ ಗೆರೆಯಲ್ಲಿ ಸಾಲಾಗಿ ಏಳುವುದುಂಟು. ಆದರೆ ಅದು ಬೇರೆ. ನರುಲಿಗೆ ಕಾರಣ ವೈರಸ್. ಉಗುರು ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಬಿತ್ತುತ್ತದೆ. ಹೊರಗೆ ಒಂದೇ ಬಗೆಯಾಗಿ ಕಂಡರೂ ಸೋರಿಯಾಸಿಸ್ ಮತ್ತು ತೊನ್ನುಗಳಲ್ಲಿ ಬಿತ್ತಲು ಯಾವ ಬೀಜವೂ ಇಲ್ಲ.

ಬೇಲಿ ಮುರಿದಾಗ

ಗೀರು ಇನ್ನೊಂದು ದಾರಿಯಿಂದಲೂ ಉರಿಯೂತಕ್ಕೆ ಎಡೆಗೊಡುತ್ತದೆ. ಹೊರಚರ್ಮದ ಮೇಲ್ಪದರವು ಹೊಲದ ಬೇಲಿಯಿದ್ದಂತೆ. ಅದನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನು ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಬಾಲ್ಯದ ಇಸುಬು ಬೇಗ ತಗಲುತ್ತದೆಂಬುದು 2006ರಲ್ಲಿ ಸ್ಥಿರಪಟ್ಟಿತು. ಇಸುಬು ತುರಿಸುತ್ತದೆ, ತುರಿಸಿದಷ್ಟೂ ಬೇಲಿ ಮುರಿಯುತ್ತದೆ, ಮುರಿದ ಸಂದಿನಲ್ಲಿ ಧೂಳೂ ಕ್ರಿಮಿಯೂ ನುಗ್ಗಿ ತುರಿಕೆ ಇಮ್ಮಡಿಸುತ್ತದೆ.

ಕರ್ನಾಟಕದ ಮಟ್ಟಿಗೆ ಇದಕ್ಕೆ ಬಹು ಪರಿಚಿತವಾದ ನಿದರ್ಶನವೆಂದರೆ ಕಾಂಗ್ರೆಸ್ ಕಸವೆಂದು ಜನ ಕರೆಯುವ ಪಾರ್ಥೇನಿಯಮ್. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಪುಣೆಯ ಸುತ್ತ ಕಾಣಿಸಿಕೊಂಡು ದೇಶವನ್ನೆಲ್ಲ ವ್ಯಾಪಿಸಿತು. 1975ರಲ್ಲಿ ಕರ್ನಾಟಕ ಸರಕಾರವು ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು; ಇದನ್ನು ತಿನ್ನುವ ದುಂಬಿಯೊಂದನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಈ ಗಿಡದ ಪಾರ್ಥೆನಿನ್ ಎಂಬ ದ್ರವ್ಯ ಬರಿಗೈಯಿಂದ ಕಳೆ ಕೀಳುವವರ ಚರ್ಮದೊಳಕ್ಕೆ ಇಳಿಯುತ್ತದೆ. ಗೀರಿದ ಚರ್ಮ ಅದಕ್ಕೆ ಸುಲಭವಾದ ದಾರಿ. ಮೊದಲ ಸಲ ಏನೂ ಆಗದಿರಬಹುದು. ಪಹರೆಯ ಕೋಶಗಳು ಅದರ ಗುರುತನ್ನು ಟಿ-ಕೋಶಗಳಿಗೆ ಕಲಿಸಿರುತ್ತವೆ. ತಿಂಗಳುಗಳೋ ವರುಷಗಳೋ ಕಳೆದ ಮೇಲೆ ಗಾಳಿಯಲ್ಲಿ ತೂರಿಬಂದ ಅದರ ಪುಡಿ ತಾಗಿದರೂ ಒಂದೆರಡು ದಿನಗಳಲ್ಲಿ ಮುಖ, ಕತ್ತು, ಮೊಣಕೈಯ ಮಡಿಕೆಗಳಲ್ಲಿ ತುರಿಕೆಯೆದ್ದು ಚರ್ಮ ದಪ್ಪವಾಗುತ್ತದೆ. ಒಮ್ಮೆ ಕಲಿತ ಚರ್ಮ ಸುಲಭವಾಗಿ ಮರೆಯುವುದಿಲ್ಲ. ಹಲವು ರೈತರು ತಮ್ಮ ಹೊಲಕ್ಕೆ ತಾವೇ ಕಾಲಿಡಲಾರದಂತಾದುದು ಈ ಕಾರಣದಿಂದ.

‘ಕುಷ್ಠ’ ಎಂಬ ಶಬ್ದದ ಕಥೆ

ಇನ್ನು ಭಾಷೆಗೆ ಸಂಬಂಧಿಸಿದ ಒಂದು ಮಾತು. ಆಯುರ್ವೇದ ಗ್ರಂಥಗಳಲ್ಲಿ ಕುಷ್ಠವೆಂಬುದು ಚರ್ಮರೋಗಗಳಿಗೆಲ್ಲ ಸಾಧಾರಣ ನಾಮ. ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ ಎಂದು ಹದಿನೆಂಟು ಬಗೆಗಳನ್ನು ಅಲ್ಲಿ ಎಣಿಸಿದ್ದಾರೆ. ಇಂದು ಸೋರಿಯಾಸಿಸ್ ಎನ್ನುವ ರೋಗದ ಲಕ್ಷಣಗಳನ್ನು ಏಕಕುಷ್ಠ, ಕಿಟಿಭ ಎಂಬವುಗಳಲ್ಲಿ ವಿದ್ವಾಂಸರು ಗುರುತಿಸುತ್ತಾರೆ. ಕಾಲಾಂತರದಲ್ಲಿ ಕುಷ್ಠವೆಂಬ ಶಬ್ದದ ಅರ್ಥ ಸಂಕೋಚಗೊಂಡು ಒಂದೇ ರೋಗಕ್ಕೆ ನಿಂತಿತು. ಆದರೆ ಭಯ ಮಾತ್ರ ಹಳೆಯ ವ್ಯಾಪ್ತಿಯಲ್ಲಿಯೇ ಉಳಿಯಿತು. ಯುರೋಪಿನಲ್ಲಿಯೂ ಹೀಗೆಯೇ ಆಗಿತ್ತು. 1841ರಲ್ಲಿ ವಿಯೆನ್ನಾದ ಹೆಬ್ರಾ ಎಂಬ ವೈದ್ಯನು ಸ್ಪಷ್ಟವಾಗಿ ಬೇರ್ಪಡಿಸುವವರೆಗೆ ಸೋರಿಯಾಸಿಸ್ ರೋಗಿಗಳಿಗೂ ಕುಷ್ಠದ ಹೆಸರು ಅಂಟಿಕೊಂಡಿತ್ತು.

ಹೆಸರಿನ ಈ ಗೊಂದಲದಿಂದ ಆಗುವ ಹಾನಿ ಅಲ್ಪವಲ್ಲ. ಮೊಣಕೈಯಲ್ಲಿ ಹೊಟ್ಟು ಕಟ್ಟಿದ ಪಟ್ಟಿಯುಳ್ಳ ಬಾಲಕನ ಪಕ್ಕದಲ್ಲಿ ಕೂಡಲು ಸಹಪಾಠಿಗಳು ಹಿಂಜರಿಯುತ್ತಾರೆ. ಪ್ರಸಾದನಿಲಯದ ಪಂಕ್ತಿಯಲ್ಲಿ ಅವನಿಗೆ ತುದಿಯ ಎಡೆ ದೊರೆಯುತ್ತದೆ. ತುಟಿಯ ಬಳಿ ಬಿಳಿಯ ಗುರುತುಳ್ಳ ಕನ್ಯೆಗೆ ಬಂದ ಸಂಬಂಧ ತಿರುಗಿಹೋಗುತ್ತದೆ. ಸೋರಿಯಾಸಿಸ್, ತೊನ್ನು, ಇಸುಬು ಈ ಮೂರೂ ಮುಟ್ಟಿದರೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಅಂಟುವುದಿಲ್ಲ. ಅವು ಆ ವ್ಯಕ್ತಿಯ ಚರ್ಮದ ಕಾವಲೇ ಮಿತಿಮೀರಿ ದುಡಿದುದರ ಫಲ. ಇನ್ನು ಸ್ಪರ್ಶಜ್ಞಾನವಿಲ್ಲದ ಮಚ್ಚೆಯನ್ನುಂಟುಮಾಡುವ ನಿಜವಾದ ಕುಷ್ಠವೂ ಬ್ಯಾಕ್ಟೀರಿಯಾದಿಂದ ಬರುವ, ಪೂರ್ಣವಾಗಿ ಗುಣವಾಗುವ ರೋಗ. ಅದಕ್ಕೆ ಸರಕಾರಿ ಆರೋಗ್ಯಕೇಂದ್ರಗಳಲ್ಲಿ ಉಚಿತ ಔಷಧವಿದೆ. ಅದನ್ನೂ ಮುಚ್ಚಿಡುವುದರಿಂದಲೇ ಕೈಕಾಲುಗಳಿಗೆ ಊನ ಬರುತ್ತದೆ.

ಅನುಸರಿಸಬೇಕಾದ ಕ್ರಮ

ಮೇಲಿನ ವಿವರಣೆಯಿಂದ ಕೆಲವು ಆಚರಣೆಗಳು ಸಹಜವಾಗಿ ಫಲಿಸುತ್ತವೆ. ಗೀರಾದೊಡನೆ ಶುದ್ಧವಾದ ನೀರು ಮತ್ತು ಸಾಬೂನಿನಿಂದ ತೊಳೆದು ಸ್ವಚ್ಛ ಬಟ್ಟೆ ಕಟ್ಟಬೇಕು. ಸುಣ್ಣ, ಸೀಮೆಎಣ್ಣೆ, ಒಲೆಯ ಬೂದಿ, ಸೆಗಣಿ ಇವುಗಳನ್ನು ಗಾಯಕ್ಕೆ ಮೆತ್ತುವ ರೂಢಿ ಬಿಡಬೇಕು. ಸುಣ್ಣ ಮತ್ತು ಸೀಮೆಎಣ್ಣೆ ಮಾಯುವ ಕೋಶಗಳನ್ನು ಸುಟ್ಟು ಉರಿಯೂತವನ್ನು ಬೆಳೆಸುತ್ತವೆ, ಸೆಗಣಿ ಮಣ್ಣುಗಳು ಧನುರ್ವಾಯುವನ್ನು ತರಬಲ್ಲವು. ಧನುರ್ವಾಯುವಿನ ಚುಚ್ಚುಮದ್ದನ್ನು ಕಾಲಕಾಲಕ್ಕೆ ಹಾಕಿಸಿಕೊಂಡಿರಬೇಕು. ಕೆಂಪು ಹರಡುತ್ತ ಹೋದರೆ, ಜ್ವರ ಬಂದರೆ, ಅಥವಾ ಗಾಯಗೊಂಡವರಿಗೆ ಸಕ್ಕರೆ ಕಾಯಿಲೆಯಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಸೋರಿಯಾಸಿಸ್ ಅಥವಾ ತೊನ್ನು ಇರುವವರು ಉಗುರನ್ನು ಮೋಟಾಗಿ ಇಟ್ಟುಕೊಳ್ಳುವುದು, ಹೊಟ್ಟನ್ನು ಕೆರೆದು ಕೀಳದಿರುವುದು, ಒಣಗಿದ ಚರ್ಮಕ್ಕೆ ಸ್ನಾನದ ಬಳಿಕ ಕೊಬ್ಬರಿ ಎಣ್ಣೆ ಹಚ್ಚುವುದು, ಉಡಿದಾರ ಚಪ್ಪಲಿಗಳನ್ನು ಸಡಿಲವಾಗಿ ಧರಿಸುವುದು, ಹಚ್ಚೆ ಹಾಕಿಸಿಕೊಳ್ಳದಿರುವುದು ಒಳ್ಳೆಯದು. ಗೋವಿನಜೋಳ ಮುರಿಯುವಾಗ ತುಂಬುತೋಳಿನ ಅಂಗಿ, ಕಾಂಗ್ರೆಸ್ ಕಸ ಕೀಳುವಾಗ ಕೈಚೀಲ ಮತ್ತು ಮುಖಕ್ಕೆ ವಸ್ತ್ರ ಎಲ್ಲರಿಗೂ ಅವಶ್ಯ. ಅಂಗಡಿಯವರು ಕೊಡುವ ಸ್ಟಿರಾಯ್ಡ್ ಮುಲಾಮು ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಬಳಸಬಾರದು. ಅವುಗಳಿಂದ ಪಟ್ಟಿ ಬೇಗ ಅಡಗಿದಂತೆ ಕಂಡರೂ, ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದಾಗ ಸೋರಿಯಾಸಿಸ್ ಮೈತುಂಬ ಕೀವುಗುಳ್ಳೆಯಾಗಿ ಕೆರಳಬಹುದು. ಕೀಲುಗಳಲ್ಲಿ ನೋವು ಊತ ತೋರಿದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಅದೇ ಉರಿಯೂತವು ಕೀಲಿಗೂ ಇಳಿಯುವುದುಂಟು. ಇಂಟರ್‌ಲ್ಯೂಕಿನ್-17ನ್ನೇ ತಡೆಯುವ ಔಷಧಗಳು 2015ರಿಂದ ಬಳಕೆಗೆ ಬಂದಿವೆ. ರೋಗವನ್ನು ಬೇರುಸಹಿತ ಕಿತ್ತುಹಾಕುವ ಔಷಧ ದೊರೆಯದಿದ್ದರೂ ಹತೋಟಿಯಲ್ಲಿಡುವುದು ಇಂದು ಸಾಧ್ಯವಾಗಿದೆ.

ಚರ್ಮವು ತನ್ನ ಮೇಲೆ ಬಿದ್ದ ಪ್ರತಿಯೊಂದು ಗೀರಿಗೂ ಉತ್ತರ ಕೊಡುತ್ತದೆ. ಆ ಉತ್ತರ ಬಹುಮಂದಿಯಲ್ಲಿ ಮಿತವಾಗಿಯೂ ಕೆಲವರಲ್ಲಿ ಅತಿಯಾಗಿಯೂ ಇರುತ್ತದೆ. ಅತಿಯಾದುದು ಆ ವ್ಯಕ್ತಿಯ ತಪ್ಪೂ ಅಲ್ಲ, ಪಾಪದ ಫಲವೂ ಅಲ್ಲ. ವಿಜ್ಞಾನವನ್ನು ಓದುವ ವಿದ್ಯಾರ್ಥಿಯು ಇಷ್ಟನ್ನು ಮನದಟ್ಟು ಮಾಡಿಕೊಂಡು, ಮನೆಗೆ ಹೋದಾಗ ಹಿರಿಯರಿಗೂ ತಿಳಿಯಹೇಳಿ, ನಾಳೆಯ ಪಂಕ್ತಿಯಲ್ಲಿ ತುದಿಗೆ ಕುಳಿತ ಗೆಳೆಯನ ಪಕ್ಕದಲ್ಲಿ ತಾನೇ ಹೋಗಿ ಕುಳಿತರೆ ಈ ಪಾಠ ಸಾರ್ಥಕವಾದಂತೆ.